ಬಲಗಡೆಯ ಚೀಲ

ಆ ಚೀಲವನ್ನು ಬಲಗಡೆ ಕಟ್ಟಬೇಡ ಎಂದು ನಾನು ಅಣ್ಣನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಅವನು ನನಗೆ ಚೆನ್ನಾಗಿ ಬೈದು, ಹಗ್ಗ ಬಿಚ್ಚಿ, ಚೀಲವನ್ನು ಕೆಳಗಿಳಿಸಿ ಹೋಗಿಬಿಡುತ್ತಿದ್ದ. ಬೀದಿಯಲ್ಲಿ ಯಾರ ಮನೆಯ ಹಸು ಯಾರ ಬೇಲಿ ಹಾರಿತು ಎಂಬುದನ್ನೂ ಕೂಗಿ ಹೇಳುವವಳು ನಾನು. ಆ ಒಂದು ಬೆಳಿಗ್ಗೆ ಮಾತ್ರ ಬಾಯಿಗೆ ಹೊಲಿಗೆ ಹಾಕಿಕೊಂಡು ನಿಂತೆ.

ಚಳಿ ಶುರುವಾಯಿತೆಂದರೆ ಇದು ನೆನಪಾಗುತ್ತದೆ. ಕಾರಣ ನನ್ನ ಹಿಮ್ಮಡಿ. ಹೊಲಿಗೆ ಯಂತ್ರ ತುಳಿದು ತುಳಿದು ನನ್ನ ಪಾದ ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿದೆ. ಸಂಜೆ ಕಾಲು ತೊಳೆದು, ಡಬ್ಬಿಯಿಂದ ಉಪ್ಪಾಗೆ ತುಪ್ಪದ ಚೂರು ತೆಗೆದು ಉಜ್ಜಲು ಕೂರುತ್ತೇನೆ. ನಮ್ಮ ಕಡೆ ಉಪ್ಪಾಗೆ ಹಣ್ಣಿನ ಸಿಪ್ಪೆಯನ್ನು ಹುಳಿಗೆ ಒಣಗಿಸುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೆಲವರ ಮನೆಯಲ್ಲಿ ಅದರಲ್ಲೇ ದೋಸೆ, ಅದರಲ್ಲೇ ಕರಿಯುವುದು, ಮಿಕ್ಕಿದ್ದು ಕಾಲಿಗೆ. ಮಲೆನಾಡಿನ ಥಂಡಿಗೆ ಅದು ಮೇಣದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಮೇಣದ ಹಾಗೆ ಎಂದೆನಲ್ಲ, ಆ ಮಾತನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಬಣ್ಣವೂ ಹೆಚ್ಚು ಕಡಿಮೆ ಅದೇ. ಉಗುರಿನಿಂದ ಗೀರಿದರೆ ಬೀಳುವ ಗೆರೆಯೂ ಅದೇ. ಆದರೆ ಬೆರಳ ಬಿಸಿ ತಾಗಿ ಸ್ವಲ್ಪ ಹೊತ್ತಾದರೆ ಸಾಕು, ನಾಚಿಕೆಯಾದವರ ಹಾಗೆ ಕರಗಿ ಇಳಿದುಬಿಡುತ್ತದೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯಲು ಕೂತರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಬಟ್ಟೆಯಾದರೆ ಅಂಚು ಮಡಿಸಿ ಹೊಲಿದುಬಿಡಬಹುದು. ಮಾತಿಗೆ ಅಂಚು ಎಲ್ಲಿರುತ್ತದೆ? ಅಡ್ಡದಾರಿ ಹಿಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಈ ಕಥೆಯಲ್ಲಿರುವ ಗಾಡಿಯೂ ಅಡ್ಡದಾರಿಗೆಂದೇ ಹುಟ್ಟಿದ್ದು.

ಗಾಡಿ ಎಂದರೆ ಮೋಟಾರ್ ಸೈಕಲ್. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮಣ್ಣ ಗುತ್ಯಪ್ಪ ಕಾರ್ಗಲ್ಲಿನಲ್ಲಿ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಹೊರದೇಶದ ಎಂಜಿನಿಯರನೊಬ್ಬ ಬಂದಿದ್ದನಂತೆ. ಕಾಡಿನ ಸರ್ವೆ ಲೈನಿನ ಮೇಲೆ ಓಡಾಡಲು ಒಂದು ಪುಟ್ಟ ಬೈಕು ತರಿಸಿಕೊಂಡಿದ್ದ. ಆತ ಊರಿಗೆ ಹೋದಮೇಲೆ ಬೈಕು ಶೆಡ್ಡಿನ ಹಿಂದೆ ತುಕ್ಕು ಹಿಡಿಯುತ್ತಾ ಬಿದ್ದಿತ್ತು. ಅಣ್ಣ ಕೆಲಸ ಬಿಟ್ಟು ಹೊಸನಗರಕ್ಕೆ ಬಂದು ಮನೆಯ ಹಿತ್ತಿಲಲ್ಲೇ ರಿಪೇರಿ ಅಂಗಡಿ ಇಟ್ಟಾಗ, ಹಳೆ ಕಬ್ಬಿಣದ ಜೊತೆ ಅದನ್ನೂ ಲಾರಿಯಲ್ಲಿ ಹೇರಿಸಿಕೊಂಡು ಬಂದ.

ಅಮ್ಮ ಅದನ್ನು ಸುತ್ತು ಹಾಕಿ ನೋಡಿದಳು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಏನು ಬಂದರೂ ಹೀಗೆ ಸುತ್ತು ಹಾಕಿ ನೋಡಿಯೇ ಒಳಗೆ ಬಿಡುತ್ತಿದ್ದಳು.

"ಇದಕ್ಕೆ ಮೈಯಲ್ಲಿ ಮಾಂಸನೇ ಇಲ್ವಲ್ಲಾ ಮಾರಾಯ. ಎಂತ ತಿನ್ನಿಸಿ ಸಾಕಿದ್ರು?"

ನಿಜವೇ. ಉದ್ದ ಕಾಲು, ಒಣಕಲು ಮೈ. ಟೈರಿಗೆ ದಪ್ಪ ದಪ್ಪ ಹಲ್ಲು. ಮುಂದಿನ ಮಡ್‌ಗಾರ್ಡು ಚಕ್ರದಿಂದ ಒಂದು ಗೇಣು ಮೇಲೆ ನಿಂತಿತ್ತು. ಪೆಟ್ರೋಲ್ ಟ್ಯಾಂಕು ನಮ್ಮನೆಯ ತಂಬಿಗೆಗಿಂತ ಸ್ವಲ್ಪ ದೊಡ್ಡದು. ಎಲ್ಲಾ ಗಾಡಿಗೂ ಕೆಳಗೆ ಇರುವ ಸೈಲೆನ್ಸರು ಇದಕ್ಕೆ ಮೇಲಿತ್ತು. ಎಂಜಿನ್ನಿನಿಂದ ಹೊರಟು, ಬಲಗಡೆ ಸೀಟಿನ ಪಕ್ಕದಲ್ಲೇ ಹಾದು, ಬಾಲದ ಹಾಗೆ ಹಿಂದಕ್ಕೆ ಹೋಗುತ್ತಿತ್ತು. ಹಳ್ಳ ದಾಟುವಾಗ ನೀರು ಹೋಗದಿರಲಿ ಎಂದು ಹಾಗೆ ಮಾಡಿರುತ್ತಾರೆ ಎಂದು ಅಣ್ಣ ಹೇಳಿದ.

ಅದಕ್ಕೆ ಹೆಸರಿಟ್ಟವನು ದುಗ್ಗಪ್ಪ. ದುಗ್ಗಪ್ಪ ಅಣ್ಣನ ಜೀವದ ಗೆಳೆಯ, ಹುಲಿಕಲ್ಲಿನವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ವರ್ಷ ಫೇಲಾಗಿ, ಒಂದೇ ದಿನ ಶಾಲೆ ಬಿಟ್ಟವರು. ಅವನು ಕಾಡಿನಲ್ಲಿ ಜೇನು ಕೀಳುತ್ತಿದ್ದ. ಹೊಸನಗರದ ಸಂತೆಗೆ ಜೇನುತುಪ್ಪ ತಂದಾಗೆಲ್ಲ ನಮ್ಮ ಮನೆಯಲ್ಲೇ ಊಟ. ಅಣ್ಣ ಕಿಕ್ ಹೊಡೆದು ಗಾಡಿ ಶುರು ಮಾಡಿದ ದಿನ ಅದು ಬೊಗಳಿದ ರೀತಿಗೆ ಕೋಳಿಗಳೆಲ್ಲ ಮಾಡಿಗೆ ಹಾರಿದವು.

"ಕಾನುಕುರಿ ಕೂಗ್ದಂಗೇ ಕೂಗ್ತದಲ್ಲಾ!" ಎಂದು ದುಗ್ಗಪ್ಪ ಚಪ್ಪಾಳೆ ಹೊಡೆದ. ಕಾನುಕುರಿ ಎಂದರೆ ನಮ್ಮ ಕಾಡಿನ ಪುಟ್ಟ ಜಿಂಕೆ. ಹೆದರಿದರೆ ನಾಯಿಯ ಹಾಗೆ ಬೊಗಳುತ್ತದೆ. ಅಂದಿನಿಂದ ಬೈಕಿಗೆ ಅದೇ ಹೆಸರು.

ಕಾನುಕುರಿಯಲ್ಲಿ ಗುಡ್ಡ ಹತ್ತಬಹುದು, ಗದ್ದೆಯ ಅಂಚಿನ ಮೇಲೆ ಹೋಗಬಹುದು. ಆದರೆ ಅಣ್ಣನಿಗೆ ಗುಡ್ಡ ಬೇಡವಾಗಿತ್ತು. ಅವನಿಗೆ ಕಛ್‌ಗೆ ಹೋಗಬೇಕಿತ್ತು.

ಕಾರ್ಗಲ್ಲಿನಲ್ಲಿ ಲಾರಿ ಡ್ರೈವರನೊಬ್ಬ ಅವನಿಗೆ ಹೇಳಿದ್ದನಂತೆ. ಅಲ್ಲಿ ನೆಲವೆಲ್ಲ ಉಪ್ಪು, ಕಣ್ಣು ಹಾಯುವವರೆಗೂ ಬಿಳಿ. ಹುಣ್ಣಿಮೆಯ ದಿನ ನೆಲ ಯಾವುದು, ಆಕಾಶ ಯಾವುದು ತಿಳಿಯದು. ನಡೆದರೆ ಚಂದ್ರನ ಮೇಲೆಯೇ ನಡೆದ ಹಾಗೆ. ಡ್ರೈವರ್ ಅಲ್ಲಿಗೆ ನಿಜವಾಗಿ ಹೋಗಿದ್ದನೋ, ಅವನಿಗೂ ಇನ್ಯಾರೋ ಹೇಳಿದ್ದೋ. ಅಣ್ಣ ಅದನ್ನು ವಿಚಾರಿಸಲಿಲ್ಲ. ನಾವೂ ವಿಚಾರಿಸಲಿಲ್ಲ.

"ನಮ್ಮೂರಲ್ಲಿ ನಿಂತು ನೋಡಿದ್ರೆ ಎಂತ ಕಾಣ್ತದೆ ಹೇಳು ನಾಗೂ?" ಎಂದು ಕೇಳುತ್ತಿದ್ದ.

"ಮರ."

"ಅದರ ಹಿಂದೆ?"

"ಇನ್ನೊಂದು ಮರ."

"ಅದೇ ಮತ್ತೆ! ಆಕಾಶ ಬಂದು ನೆಲಕ್ಕೆ ಮುಟ್ಟೋ ಜಾಗ ಅಂತ ಒಂದಿರ್ತದಂತೆ. ಅದನ್ನ ಒಂದ್ಸಲ ನೋಡ್ಬೇಕು ಕಣೆ."

ಅವನ ಹತ್ತಿರ ಶಾಲೆಯ ಹಳೆಯ ಭೂಪಟವೊಂದಿತ್ತು. ಅದನ್ನು ನಾನು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಹಾಸಿ, ರವಿಕೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹೊಸನಗರದಿಂದ ಕಛ್‌ವರೆಗೆ ಗೆರೆ ಎಳೆದೆ. ಒಂದೂವರೆ ಗೇಣು ಬಂತು. "ಇಷ್ಟೇ ಏನಾ? ನಾ ನಡ್ಕಂಡೇ ಹೋಗ್ತೆ" ಎಂದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಎಷ್ಟೋ ಸಲ ಗಿರಾಕಿಗಳ ಬಟ್ಟೆ ಕತ್ತರಿಸಲು ಕೂತವಳು ಸುಮ್ಮನೆ ಬಿಳಿ ಪಾಪ್ಲಿನ್ನನ್ನು ಹಲಗೆಯ ತುಂಬ ಹರಡಿ ನೋಡುತ್ತಾ ಕೂತಿದ್ದಿದೆ. ಕತ್ತರಿ ಹಾಕಲು ಮನಸ್ಸು ಬರುತ್ತಿರಲಿಲ್ಲ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ, ಕಛ್ ನಮ್ಮ ಜಗಲಿಗೇ ಬಂದಂತಿರುತ್ತಿತ್ತು. ಆ ದಿನಗಳಲ್ಲಿ ನಾನು ಹೊಲಿದ ಲಂಗಗಳೆಲ್ಲ ಸ್ವಲ್ಪ ಹೆಚ್ಚೇ ಅಗಲವಾಗಿದ್ದವೆಂದು ಬೀದಿಯಲ್ಲಿ ದೂರಿತ್ತು.

ಕಾಡಿನ ಗಾಡಿಯನ್ನು ದೂರದ ಗಾಡಿ ಮಾಡುವ ಕೆಲಸ ಶುರುವಾಯಿತು. ಮೊದಲು ಟ್ಯಾಂಕು. ಗುಜರಿಯಿಂದ ದೊಡ್ಡ ಬೈಕಿನ ಟ್ಯಾಂಕೊಂದನ್ನು ತಂದ. ಅದು ಕಾನುಕುರಿಯ ಬೆನ್ನಿಗೆ ಕೂರಲೊಲ್ಲದು. ಮರದ ಸುತ್ತಿಗೆ ಹಿಡಿದು ಅದರ ಹೊಟ್ಟೆಯನ್ನು ಒಳಕ್ಕೆ ತಟ್ಟಿ ತಟ್ಟಿ ಬೆನ್ನಿಗೆ ಒಗ್ಗಿಸಿದ. ಹಿಂದಿನ ಹಲ್ಲುಚಕ್ರ ತೆಗೆದು ಕಡಿಮೆ ಹಲ್ಲಿನದನ್ನು ಹಾಕಿದ. ಹಲ್ಲು ಹೆಚ್ಚಿದ್ದರೆ ಗುಡ್ಡ ಹತ್ತುತ್ತದೆ, ಕಡಿಮೆಯಿದ್ದರೆ ದೂರ ಓಡುತ್ತದೆ ಎಂದ. ಅಮ್ಮ ತನ್ನ ಬೊಚ್ಚು ಬಾಯಿ ಮುಟ್ಟಿಕೊಂಡು, "ಹಂಗಾರೆ ನಾ ಕಾಶಿಗೇ ಓಡ್ಬೋದು" ಎಂದಳು.

ಹಿಂಬದಿಯ ಚೌಕಟ್ಟು ತೆಳ್ಳಗಿತ್ತು, ಭಾರ ತಡೆಯುವಂತಿರಲಿಲ್ಲ. ಅದಕ್ಕೆ ಕಬ್ಬಿಣ ಬೇಕಾಯಿತು. ಒಂದು ದಿನ ಅಮ್ಮ ಬಟ್ಟೆ ಒಗೆದು ಬರುವಷ್ಟರಲ್ಲಿ ಅವಳ ಮಂಚ ನೆಲ ಕಂಡಿತ್ತು.

"ಮಂಚದ ಕಾಲು ಕಡಿದ್ಯನಾ ಪಾಪಿ? ನಾ ಎಲ್ಲಿ ಮಲಗ್ಲಿ?"

"ಚಾಪೆ ಇದ್ಯಲ್ಲಮ್ಮಾ. ಬೆನ್ನಿಗೆ ಒಳ್ಳೇದಂತೆ."

"ಹಂಗಾರೆ ನಿನ್ ಕುರಿನೂ ಚಾಪೆ ಮೇಲೇ ಮಲಗ್ಸು, ಹೋಗು."

ಬೈದಳು ಅಷ್ಟೆ. ಮಾರನೆಯ ದಿನ ನೋಡಿದರೆ, ಬೆಸುಗೆ ಹಾಕಿದ ಆ ಕಾಲುಗಳಿಗೆ ಅರಿಶಿನ ಕುಂಕುಮ ಹಚ್ಚಿದ್ದಳು.

ಸೀಟು ನನ್ನ ಪಾಲಿಗೆ ಬಂತು. ಇದ್ದ ಸೀಟು ಹಲಗೆಯಷ್ಟು ಗಟ್ಟಿ, ಕೈಯಗಲದಷ್ಟು ಅಗಲ. ನಾನು ಜಾಣತನ ಮಾಡಿ ಬೂರುಗದ ಅರಳೆ ತುಂಬಿ ದಿಂಬಿನಂಥ ಸೀಟು ಹೊಲಿದೆ. ಅಣ್ಣ ಅದರ ಮೇಲೆ ಕೂತು ನಗರ ಎಂಬ ಊರಿನ ಕೋಟೆಯವರೆಗೆ ಹೋಗಿ ಬರುವಷ್ಟರಲ್ಲಿ ದಿಂಬು ರೊಟ್ಟಿಯಾಗಿತ್ತು. "ನಾಗೂ, ಸೀಟು ಎಲ್ಲೋ ಬಿದ್ದೋಯ್ತು ಅನ್ಸುತ್ತೆ" ಎನ್ನುತ್ತಾ ಸೊಂಟ ಹಿಡಿದು ಇಳಿದ. ಆಮೇಲೆ ತೆಂಗಿನ ನಾರು ತುಂಬಿದೆ. ಅದು ಸರಿಯಾಯಿತು.

ಕೊನೆಗೆ ಚೀಲ. ಎಡಕ್ಕೊಂದು, ಬಲಕ್ಕೊಂದು, ಹಸುವಿನ ಹೊಟ್ಟೆಯ ಹಾಗೆ ಇಳಿಬಿದ್ದಿರಬೇಕು. ಲಾರಿಯ ಹಳೆ ಟಾರ್ಪಾಲನ್ನು ಕತ್ತರಿಸಿ ಹೊಲಿದೆ. ಸೂಜಿಗಳು ಪಟಪಟ ಮುರಿದವು. ಮಳೆಗೆ ನೆನೆಯದ ಹಾಗೆ ಅದಕ್ಕೆ ಜೇನುಮೇಣ ಹಿಡಿಸಬೇಕೆಂದು ದುಗ್ಗಪ್ಪ ಉಪಾಯ ಕೊಟ್ಟ. ಮೇಣವನ್ನೂ ಅವನೇ ತಂದುಕೊಟ್ಟ. ಕಾಡಿನ ಹೆಜ್ಜೇನು ತಟ್ಟಿಯಿಂದ ಕಾಯಿಸಿ ಸೋಸಿದ, ತೆಂಗಿನಕಾಯಿ ಗಾತ್ರದ ಮುದ್ದೆ.

"ನಾಗಕ್ಕಾ, ಕಾಯ್ಸಿ ಬಳ್ದು ಮೇಲಿಂದ ಇಸ್ತ್ರಿ ಪೆಟ್ಗೆ ಎಳಿ. ಆಮೇಲೆ ಈ ಚೀಲ್ದಾಗೆ ನೀರು ತುಂಬಿದ್ರೂ ಹೊರಗೆ ಬರಲ್ಲ, ಹೊರಗಿನ ನೀರು ಒಳಗೆ ಹೋಗಲ್ಲ" ಎಂದ. ನನಗಿಂತ ದೊಡ್ಡವನಾದರೂ ತಮಾಷೆಗೆ ಅಕ್ಕ ಎನ್ನುತ್ತಿದ್ದ. ನಾನು ದುಗ್ಗಣ್ಣ ಎನ್ನುತ್ತಿದ್ದೆ.

ಅಣ್ಣನಿಗೆ ಸೈಲೆನ್ಸರಿನ ಬಿಸಿಯ ಯೋಚನೆಯಿತ್ತು. ಅದರ ಮೇಲೆ ತಗಡಿನ ಮರೆ ಕಟ್ಟಿದ. ಮೇಣ ಹಿಡಿಸಿದ ಟಾರ್ಪಾಲಿನ ತುಂಡೊಂದನ್ನು ತಗಡಿಗೆ ಒರಗಿಸಿ, ಎಂಜಿನ್ನನ್ನು ಬಹಳ ಹೊತ್ತು ಓಡಿಸಿದ. ಮೇಣ ಮೆತ್ತಗಾಯಿತು, ಆದರೆ ಹನಿಯಲಿಲ್ಲ. "ಸಾಕು, ಪಾಸು" ಎಂದ. ಅವನು ಜೀವನದಲ್ಲಿ ಪಾಸು ಎಂದ ಪರೀಕ್ಷೆ ಅದೊಂದೇ. ಅದನ್ನು ನಾನು ಫೇಲು ಮಾಡಿದೆ.

ಮೊದಲ ಚೀಲಕ್ಕೆ ಮೇಣ ಚೆನ್ನಾಗಿಯೇ ಹಿಡಿಸಿದೆ. ಆ ವಾಸನೆಗೆ ಜಗಲಿಯೆಲ್ಲ ಕಾಡಾಯಿತು. ವಾಸನೆ ಬೀದಿಗೂ ಹೋಯಿತು. ಆಗ ಬಂದಳು ಪಕ್ಕದ ಮನೆಯ ಸೀತಕ್ಕ.

"ನಾಗೂ, ಚೊಕ್ಕ ಮೇಣ ಬಂದದ್ಯಂತಲ್ಲೇ. ಒಂಚೂರು ಕೊಡೆ. ಬೆವರಿಗೆ ಕುಂಕುಮ ಮೂಗಿಗೆ ಇಳೀತದೆ."

ಈಗಿನ ಹುಡುಗಿಯರಿಗೆ ಅಂಟಿಸುವ ಬಿಂದಿ ಬಂದಿದೆ. ಆಗ ಹಣೆಗೆ ಮೊದಲು ಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತಬೇಕು. ಆಗಲೇ ಅದು ದುಂಡಗೆ ನಿಲ್ಲುತ್ತಿತ್ತು. ಒಳ್ಳೆಯ ಮೇಣಕ್ಕೆ ಹೆಂಗಸರು ಬಾಯಿ ಬಿಡುತ್ತಿದ್ದರು. ಅದೂ ಬೀದಿಯಲ್ಲೊಂದು ಮದುವೆ ಹತ್ತಿರ ಬಂದಿತ್ತು. ಸೀತಕ್ಕನಿಗೆ ನೆಲ್ಲಿಕಾಯಿಯಷ್ಟು ಕೊಟ್ಟೆ. ಅವಳು ಎದುರು ಮನೆಗೆ ಹೇಳಿದಳು. ಎದುರು ಮನೆಯವಳು ನೀರು ಸೇದುವಾಗ ಎಲ್ಲರಿಗೂ ಹೇಳಿದಳು. ರವಿಕೆಯ ಅಳತೆ ಕೊಡಲು ಬಂದವರಿಗೆ ಒಂದು ಚೂರು, ಕೊಂಡುಹೋಗಲು ಬಂದವರಿಗೆ ಒಂದು ಚೂರು. "ನಮ್ ನಾಗುಂದು ಧಾರಾಳ ಕೈ" ಎನ್ನುತ್ತಿದ್ದರು. ನಾನೇನು ಜೀವಮಾನದಲ್ಲಿ ಯಾರಿಗಾದರೂ ಕೊಡುವ ಸ್ಥಿತಿಯಲ್ಲಿದ್ದವಳೇ? ನಮ್ಮದು ಇನ್ನೊಬ್ಬರ ಗದ್ದೆ ಗೇಯ್ದು ಉಂಡ ಮನೆತನ. ಬೇರೆಯವರ ಎದುರು ಕೈ ಮೇಲೆ ಮಾಡಿ ಕೊಡುವ ಆ ಸುಖಕ್ಕೆ ಮರುಳಾಗಿಬಿಟ್ಟೆ. ಎರಡನೆಯ ಚೀಲಕ್ಕೆಂದು ಮುದ್ದೆ ಹುಡುಕಿದರೆ, ಅಡಕೆ ಗಾತ್ರ ಉಳಿದಿತ್ತು. ಅಣ್ಣನ ಮೇಣವೆಲ್ಲ ಬೀದಿಯ ಹೆಂಗಸರ ಹಣೆ ಸೇರಿತ್ತು.

ದುಗ್ಗಪ್ಪನನ್ನು ಮತ್ತೆ ಕೇಳಬಹುದಿತ್ತು. ಕೇಳಿದರೆ ಇದ್ದದ್ದು ಏನಾಯಿತೆಂದು ಹೇಳಬೇಕು. ಅಡುಗೆಮನೆಯಲ್ಲಿ ಅಮ್ಮನ ಉಪ್ಪಾಗೆ ತುಪ್ಪದ ಭರಣಿ ಕಂಡಿತು. ಉಳಿದ ಚೂರು ಮೇಣಕ್ಕೆ ಅದನ್ನು ಬೆರೆಸಿ ಕಾಯಿಸಿ ಹಚ್ಚಿದೆ. ಮಳೆಗಾಲದ ಥಂಡಿ, ಗಳಿಗೆಯಲ್ಲಿ ಗಟ್ಟಿಯಾಯಿತು. ಎರಡು ಚೀಲಗಳನ್ನೂ ಪಕ್ಕದಲ್ಲಿಟ್ಟು ಉಗುರಿನಿಂದ ಗೀರಿ ನೋಡಿದೆ. ಗೆರೆ ಒಂದೇ ಥರ ಬಿತ್ತು. ಆದರೂ ತುಪ್ಪದ ಚೀಲ ಯಾವುದೆಂದು ನನಗೆ ಗೊತ್ತಿತ್ತು. ಅದರ ಬಾಯಿಗೆ ನೀಲಿ ದಾರ ಹಾಕಿದ್ದೆ.

ಪರೀಕ್ಷೆಗೆಂದು ಅಣ್ಣ ಜಡಿಮಳೆಯಲ್ಲಿ ಹುಲಿಕಲ್ಲಿಗೆ ಹೋಗಿ ಬಂದ. ನೀಲಿ ದಾರದ ಚೀಲ ಬಲಕ್ಕಿತ್ತು. ಒಳಗಿಟ್ಟ ಬಟ್ಟೆ, ಭೂಪಟ ಎಲ್ಲಾ ಖಡಕ್ಕಾಗಿ ಒಣಗಿದ್ದವು. ದುಗ್ಗಪ್ಪನೂ ಹಿಂದೆ ಕೂತು ಬಂದಿದ್ದ.

"ನಾಗಕ್ಕ ಹೊಲ್ದ ಚೀಲ್ದಾಗೆ ನನ್ನೇ ತುಂಬ್ಕಂಡು ಹೋಗಾ ಗುತ್ಯಾ, ನೆನೆಯಲ್ಲ" ಎಂದ.

ನಾನು ಹೆಮ್ಮೆಯಿಂದ ಕಾಫಿ ಮಾಡಿಕೊಟ್ಟೆ. ಮಳೆಯ ನೀರು ಸೈಲೆನ್ಸರನ್ನು ದಾರಿಯುದ್ದಕ್ಕೂ ತಣ್ಣಗೆ ಇಟ್ಟಿತ್ತೆಂದು ಹೊಳೆಯಲಿಲ್ಲ. ಹೊಳೆಯಬಾರದೆಂದು ನಾನೇ ಪಕ್ಕಕ್ಕೆ ಸರಿಸಿದ್ದೆನೋ ಏನೋ.

ದೀಪಾವಳಿ ಕಳೆದು ಮಳೆ ಪೂರ್ತಿ ನಿಂತಮೇಲೆ ಹೊರಡುವ ದಿನ ಬಂತು. ಬೆಳಿಗ್ಗೆ ಎಳೆ ಬಿಸಿಲು. ಅಮ್ಮ ಕಾಯಿ ಒಡೆದಳು. ದುಗ್ಗಪ್ಪ ಒಂದು ಬಾಟಲಿ ಜೇನು ತಂದು ಬಲಗಡೆಯ ಚೀಲಕ್ಕೆ ಹಾಕಿದ. ಅಣ್ಣ ಕಿಕ್ ಹೊಡೆದು ಎಂಜಿನ್ನನ್ನು ಕಾಯಲು ಬಿಟ್ಟು, ಒಬ್ಬೊಬ್ಬರಿಗೇ ಹೇಳಿ ಬರುತ್ತಿದ್ದ. ನಾನು ಬಲಗಡೆ ನಿಂತಿದ್ದೆ. ನೀಲಿ ದಾರದ ಚೀಲದ ತಳದಲ್ಲಿ ಒಂದು ಹೊಳಪು ಕಂಡಿತು. ಆ ಹೊಳಪು ದುಂಡಗಾಯಿತು. ಒಂದು ಹನಿ ತಗಡಿನ ಮೇಲೆ ಬಿತ್ತು, ಜಾರಿತು, ಸೈಲೆನ್ಸರಿಗೆ ತಾಗಿ ಚುಂಯ್ ಎಂದಿತು.

ಅಣ್ಣ ಮೂಗು ಅರಳಿಸಿದ. "ಎಂತದೋ ಕರ್ದ ವಾಸ್ನೆ ಬರ್ತದಲ್ಲೇ?"

"ಸೀತಕ್ಕನ ಮನೆಲಿ ವಡೆ ಮಾಡ್ತಿರ್ಬೇಕು" ಎಂದಳು ಅಮ್ಮ. "ಹೊರಡೋ ಹೊತ್ತಿಗೆ ಕರಿದ ವಾಸ್ನೆ ಒಳ್ಳೇ ಶಕುನ."

ಎಲ್ಲರೂ ನಕ್ಕರು. ಸೀತಕ್ಕ ಬೇಲಿಯಾಚೆ ನಿಂತಿದ್ದಳು, ಅವಳ ಹಣೆಯ ಮೇಲೆ ಕುಂಕುಮ ದುಂಡಗೆ ಗಟ್ಟಿಯಾಗಿ ನಿಂತಿತ್ತು. ನನ್ನ ಬಾಯಿ ತೆರೆಯಿತು. ಅಣ್ಣ ನನ್ನ ಕಡೆ ತಿರುಗಿ, "ಎಂತದು ನಾಗೂ?" ಎಂದ.

"ಹುಷಾರು" ಎಂದೆ.

ಅವನು ಹೋದ. ಕಾನುಕುರಿಯ ಕೂಗು ಸೇತುವೆಯ ತನಕ ಕೇಳಿಸಿತು, ತಿರುವಿನಲ್ಲಿ ಸಣ್ಣಗಾಯಿತು, ಆಮೇಲೆ ಇಲ್ಲವಾಯಿತು. ನಾನು ಒಳಗೆ ಬಂದು ಯಂತ್ರದ ಮುಂದೆ ಕೂತೆ. ಪಾದ ಅಲ್ಲಾಡಲಿಲ್ಲ.

ಅವನು ಕಛ್ ನೋಡಲಿಲ್ಲ. ಹುಬ್ಬಳ್ಳಿ ದಾಟಿ ಕಪ್ಪು ಮಣ್ಣಿನ ಬಯಲಿಗೆ ಬಂದಿದ್ದನಂತೆ. ಬಿಸಿಲು ಚೆನ್ನಾಗಿ ಏರಿತ್ತಂತೆ. ವಾಪಸು ಬಂದಮೇಲೆ ಅದನ್ನು ಅವನು ಹೇಳಿದ್ದು ನನಗೊಬ್ಬಳಿಗೇ.

"ಎದುರಿಗೆ ಒಂದೂ ಮರ ಇಲ್ಲ ಕಣೆ. ಆಕಾಶ ಬಂದು ನೆಲಕ್ಕೆ ಮುಟ್ಟಿತ್ತು. ಮೊದಲನೇ ಸಲ ನೋಡ್ದೆ. ಒಲೆ ಮೇಲೆ ಮಡಕೆ ಕೂತಂಗೆ ಸರಿಯಾಗಿ ಕೂತಿತ್ತು. ಅದನ್ನೇ ನೋಡ್ತಾ ಹೋಗ್ತಿದ್ದೆ. ಹಿಂದೆ ಹೊಗೆ ಎದ್ದಿದ್ದು ಗೊತ್ತೇ ಆಗ್ಲಿಲ್ಲ."

ಹನಿದ ತುಪ್ಪಕ್ಕೆ ಬೆಂಕಿ ಹತ್ತಿ, ಬಲಗಡೆಯ ಚೀಲ ಉರಿಯುತ್ತಿತ್ತು. ಟ್ಯಾಂಕಿನ ತುಂಬ ಪೆಟ್ರೋಲು. ಅಣ್ಣ ಉರಿಯುವ ಚೀಲವನ್ನು ಬರಿಗೈಯಲ್ಲಿ ಕಿತ್ತು ಎಸೆದಿದ್ದ. ಅಂಗಿ, ಹೊದಿಕೆ, ಜೇನು, ನನ್ನ ಸೀಮೆಸುಣ್ಣದ ಗೆರೆಯಿದ್ದ ಭೂಪಟ ಎಲ್ಲವೂ ರಸ್ತೆಬದಿಯಲ್ಲಿ ಬೂದಿಯಾದವು. ಬಲಗೈಯ ಅಂಗೈ ಬೆಂದು, ಬೆರಳು ಪೂರ್ತಿ ಬಿಡಿಸಲು ಆಗದ ಹಾಗಾಯಿತು. ಹತ್ತಿ ತುಂಬಿದ ಲಾರಿಯೊಂದರಲ್ಲಿ ಗಾಡಿಯ ಜೊತೆ ತಾನೂ ಒರಗಿಕೊಂಡು ಬಂದ.

ಸುದ್ದಿ ತಿಳಿದು ದುಗ್ಗಪ್ಪ ಓಡಿಬಂದ. ಸುಟ್ಟ ಗಾಯಕ್ಕೆ ಹಚ್ಚಲೆಂದು ಕೈಯಲ್ಲಿ ಜೇನಿನ ಬಾಟಲಿ ಹಿಡಿದುಕೊಂಡಿದ್ದ. ಅಣ್ಣ ಜಗಲಿಯಿಂದ ಏಳಲಿಲ್ಲ.

"ಮೇಣಕ್ಕೆ ಎಂತ ಬೆರ್ಸಿದ್ಯಾ?"

"ಎಂತದಾ ಗುತ್ಯಾ?"

"ನಾ ಪರೀಕ್ಷೆ ಮಾಡ್ದ ಮೇಣ ಹನೀಲಿಲ್ಲ. ಇದು ಎಣ್ಣೆ ಹಂಗೆ ಸುರೀತು. ಮೇಲೆ ಮೇಲೆ ಚೊಕ್ಕದ್ದಿಟ್ಟು ಒಳಗೆ ಕೊಬ್ಬು ತುಂಬಿದ್ಯಾ? ಸಂತೆಲಿ ಮಾಡೋ ಯಾಪಾರ ನನ್ನತ್ರನೂ ಮಾಡಿದ್ಯಲ್ಲಾ!"

ದುಗ್ಗಪ್ಪ ಕೈಯಲ್ಲಿದ್ದ ಬಾಟಲಿಯನ್ನೇ ನೋಡಿದ. "ನನ್ ಮೇಣ್ದಾಗೆ ಮೋಸ ಇಲ್ಲ ಗುತ್ಯಾ" ಎಂದ. ಇನ್ನೇನೋ ಹೇಳಲು ಹೋದ. ಅಣ್ಣ ಮುಖ ತಿರುಗಿಸಿದ. ದುಗ್ಗಪ್ಪ ಬಾಟಲಿಯನ್ನು ಜಗಲಿಯ ಅಂಚಿಗಿಟ್ಟು, "ಕೈಗೆ ಹಚ್ಚು ನಾಗಕ್ಕಾ" ಎಂದು ಹೊರಟುಹೋದ. ನಾನು ಬಾಗಿಲ ಹಿಂದೆ ನಿಂತಿದ್ದೆನೆಂದು ಅವನಿಗೆ ತಿಳಿದಿತ್ತು. ಅಣ್ಣನಿಗೆ ತಿಳಿಯದ ಹಾಗೆ ಆ ಜೇನನ್ನೇ ದಿನವೂ ಅವನ ಅಂಗೈಗೆ ಹಚ್ಚಿದೆ. ಪೇಟೆಯ ಔಷಧಿ ಎಂದು ಹೇಳಿದೆ. ಒಂದು ಸುಳ್ಳು ಹೇಳಿದವಳಿಗೆ ಇನ್ನೊಂದು ಎಷ್ಟು ಸಲೀಸು ನೋಡಿ.

ಬೆರಕೆ ಮೇಣದ ದುಗ್ಗಪ್ಪ ಎಂದು ಹೊಸನಗರದಲ್ಲಿ ಹೆಸರಾಯಿತು. ಸಂತೆಯಲ್ಲಿ ಅವನ ಜೇನನ್ನು ನೀರಿಗೆ ಹನಿಸಿ ಪರೀಕ್ಷೆ ಮಾಡಿ ಕೊಳ್ಳತೊಡಗಿದರು. ಆಮೇಲೆ ಕೊಳ್ಳುವುದನ್ನೇ ಬಿಟ್ಟರು. ಬಾವಿಕಟ್ಟೆಯಲ್ಲಿ ಹೆಂಗಸರು, "ನೋಡಿದ್ರೆ ಎಂಥಾ ಸಾಚಾ ಮನ್ಷ, ಅಲ್ವನೇ?" ಎಂದು ಮಾತಾಡುವಾಗ, ಅವರೆಲ್ಲರ ಹಣೆಯಲ್ಲಿ ಅವನದೇ ಚೊಕ್ಕ ಮೇಣ ಕುಂಕುಮವನ್ನು ಹಿಡಿದು ನಿಂತಿರುತ್ತಿತ್ತು. ನಾನು ಕೊಡ ಹೊತ್ತು ಸುಮ್ಮನೆ ಬರುತ್ತಿದ್ದೆ. ಕೆಲವು ದಿನಗಳಲ್ಲಿ ಅವನು ಸಂತೆಗೆ ಬರುವುದನ್ನು ನಿಲ್ಲಿಸಿದ.

ನನಗೆ ತೀರ್ಥಹಳ್ಳಿಗೆ ಮದುವೆಯಾಯಿತು. ಅಣ್ಣ ಸಾಗರಕ್ಕೆ ಹೋಗಿ ಅಲ್ಲಿ ಗ್ಯಾರೇಜು ಹಾಕಿದ, ಅಮ್ಮನನ್ನೂ ಕರೆದುಕೊಂಡು ಹೋದ. ಕಾನುಕುರಿ ಗ್ಯಾರೇಜಿನ ಮೂಲೆಯಲ್ಲಿ ನಿಂತಿತು. ನಾನು ಹೊಲಿದ ಸೀಟಿನ ಮೇಲೆ ಅಮ್ಮನ ಕೋಳಿ ಮೊಟ್ಟೆ ಇಟ್ಟು ಕಾವಿಗೆ ಕೂತಿದ್ದನ್ನು ನೋಡಿದ್ದೇನೆ. ತೆಂಗಿನ ನಾರು ಅದಕ್ಕಾದರೂ ಹಿತವಾಗಿತ್ತು. ಅಣ್ಣನಿಗೆ ಕುಂದಾಪುರಕ್ಕೆ ಹೋಗುವ ಕೆಲಸ ಬಿದ್ದರೆ, ಹುಲಿಕಲ್ ಬಂದಾಗ ಬಸ್ಸಿನ ಕಿಟಕಿಯ ಪರದೆ ಇಳಿಸಿಬಿಡುತ್ತಿದ್ದ. ಹಬ್ಬಕ್ಕೆ ಹೋದಾಗ ಊಟ ಬಡಿಸಲು ಬಗ್ಗಿದರೆ, ಅನ್ನ ಕಲಸುವ ಅವನ ಅಂಗೈಯ ಹೊಳಪು ಚರ್ಮ ನನ್ನ ಕಣ್ಣಿಗೇ ಬರುತ್ತಿತ್ತು. ಉಪ್ಪಿನ ಬಯಲಿನ ಹಾಗೆ, ಗೆರೆಯಿಲ್ಲದೆ, ಬೆಳ್ಳಗೆ. ನನಗೆ ಕಛ್ ಆಗಲೂ ಕನಸಿನಲ್ಲಿ ಬರುತ್ತಿತ್ತು. ಬಿಳಿಯ ನೆಲದ ಮೇಲೆ ಯಾರೋ ಇಬ್ಬರು ಬೆನ್ನು ತಿರುಗಿಸಿ ನಡೆಯುತ್ತಿರುತ್ತಾರೆ, ಒಬ್ಬ ಈ ಕಡೆಗೆ, ಒಬ್ಬ ಆ ಕಡೆಗೆ. ಕೂಗಿದರೆ ನನ್ನ ಬಾಯಿಂದ ದಾರ ಬರುತ್ತದೆ, ನೀಲಿಯದು.

ಹೀಗೆ ಹದಿನೈದು ವರ್ಷಗಳಾದವು. ಮೊನ್ನೆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ತೀರ್ಥಹಳ್ಳಿಯ ನಮ್ಮ ಹೊಲಿಗೆ ಅಂಗಡಿಯ ಮುಂದೆ ಕಾನುಕುರಿ ಬೊಗಳಿತು. ಕತ್ತರಿ ಕೈಯಿಂದ ಬಿತ್ತು. ಅಣ್ಣ ನಗುತ್ತಾ ನಿಂತಿದ್ದ, ಕಿವಿಯ ಮೇಲೆ ನರೆ ಬಂದಿತ್ತು. ಎಡಗಡೆ ಹಳೆಯ ಚೀಲ ತೂಗುತ್ತಿತ್ತು. ಬಲಗಡೆ ಬರಿದು.

"ಇದಕ್ಕೊಂದು ಜೋಡಿ ಹೊಲ್ಕೊಡೆ ನಾಗೂ. ಈ ಸಲ ಹೋಗೇ ಬರ್ತೀನಿ. ಕೈ ಪೂರಾ ಮುದುರೋದ್ರೊಳಗೆ."

ಹಳೆಯ ಚೀಲವನ್ನು ಮುಟ್ಟಿ ನೋಡಿದೆ. ದುಗ್ಗಪ್ಪನ ಮೇಣ ಇನ್ನೂ ಹಾಗೇ ಇತ್ತು. ನೀರು ಚಿಮುಕಿಸಿದರೆ ಮುತ್ತಾಗಿ ಉರುಳಿತು. ಅಣ್ಣ ಜೇಬಿನಿಂದ ಮೇಣದಬತ್ತಿಯ ಕಟ್ಟು ತೆಗೆದು ಹಲಗೆಯ ಮೇಲಿಟ್ಟ.

"ಇದನ್ನೇ ಕಾಯ್ಸಿ ಹಚ್ಚು. ಜೇನುಮೇಣದ ಸುದ್ದಿ ಬೇಡ. ಆ ಬೆರಕೆ ನನ್ಮಗನ ಸಹವಾಸ ಒಂದ್ಸಲಕ್ಕೆ ಸಾಕು."

ಬೈದ, ಆದರೆ ಬೈಯುವಾಗ ಅವನ ಕಣ್ಣು ಹುಲಿಕಲ್ಲಿನ ದಿಕ್ಕಿಗಿತ್ತು. ಇಷ್ಟು ವರ್ಷವಾದರೂ ಅವನಿಗೆ ಇನ್ನೊಬ್ಬ ಗೆಳೆಯ ಸಿಕ್ಕಿರಲಿಲ್ಲ. ಮೇಣದಬತ್ತಿಯ ಕಟ್ಟನ್ನು ಕೈಗೆತ್ತಿಕೊಂಡೆ. ಮತ್ತೆ ಕೆಳಗಿಟ್ಟೆ.

"ಅಣ್ಣಾ, ನನ್ನ ಹುಲಿಕಲ್ಲಿಗೆ ಕರ್ಕಂಡು ಹೋಗು."

"ಅಲ್ಲೆಂತ ಕೆಲ್ಸ ನಿಂಗೆ?"

"ಕೆಲ್ಸ ಅದೆ. ಹೋಗದೇ ಇದ್ರೆ ಚೀಲ ಹೊಲ್ಯಲ್ಲ."

ಗೊಣಗಿದ, ಆದರೆ ಕರೆದುಕೊಂಡು ಹೊರಟ. ಅಮ್ಮನ ಮಂಚದ ಕಾಲಿನ ಮೇಲೆ ಕೂತು, ನಾನು ಮೊದಲನೇ ಸಲ ಕಾನುಕುರಿಯ ಸವಾರಿ ಮಾಡಿದೆ. ಬೆಳ್ಳಗಿನ ಮಂಜು ರಸ್ತೆಯ ಮೇಲೆ ಮಲಗಿತ್ತು. ನಾವು ಬಂದಂತೆ ಎದ್ದು ಪಕ್ಕಕ್ಕೆ ಸರಿಯುತ್ತಿತ್ತು. ಕಛ್ ಹೀಗೇ ಇರಬಹುದೇನೋ ಎಂದುಕೊಂಡೆ. ನಗರದ ಕೋಟೆಯ ಹತ್ತಿರ ಅವನ ಬೆನ್ನಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಗಾಡಿ ಬೊಗಳುತ್ತಿತ್ತು.

"ಎಂತ ಅಂದ್ಯಾ?" ಎಂದು ಕೂಗಿದ.

"ಏನಿಲ್ಲ. ಚಳಿ ಅಂದೆ."

ಇನ್ನೊಂದು ತಿರುವಿನಲ್ಲಿ ಇನ್ನೊಮ್ಮೆ ಹೇಳಿದೆ. ಆಗಲೂ ಚಳಿಯೇ ಆಯಿತು. ಅವನು ಗಾಡಿ ನಿಲ್ಲಿಸಿ ತನ್ನ ಮಫ್ಲರು ಬಿಚ್ಚಿ ನನ್ನ ಕಿವಿಗೆ ಸುತ್ತಿದ. ಆ ಬೆಚ್ಚಗಿನ ಮಫ್ಲರಿನೊಳಗೆ ನನಗೆ ಅಳು ಬಂತು.

ದುಗ್ಗಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ಗಾಡಿಯ ಕೂಗಿಗೆ ತಲೆಯೆತ್ತಿದ. ಸೊರಗಿದ್ದ. ಅಣ್ಣ ರಸ್ತೆಯಲ್ಲೇ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ, ಇಳಿಯಲಿಲ್ಲ, ಬೇರೆಲ್ಲೋ ನೋಡುತ್ತಿದ್ದ. ನಾನು ಇಳಿದು ಬೇಲಿಯ ದಣಪೆಯ ಹತ್ತಿರ ಹೋದೆ.

"ನಾಗಕ್ಕನಾ?" ಎಂದ ದುಗ್ಗಪ್ಪ. ಆಮೇಲೆ ನನ್ನ ಹಿಂದೆ ನೋಡಿದ. "ಅದಿನ್ನೂ ಕೂಗ್ತದಾ?"

ನಾನು ತಿರುಗಿ, "ಅಣ್ಣಾ, ಎಂಜಿನ್ ಆಫ್ ಮಾಡು" ಎಂದೆ.

"ಬೇಗ ಮುಗ್ಸಿ ಬಾ ಮಾರಾಯ್ತಿ."

"ಆಫ್ ಮಾಡು. ನೀನೂ ಕೇಳ್ಬೇಕು."

ಕಾನುಕುರಿ ಸುಮ್ಮನಾಯಿತು. ಇದ್ದಕ್ಕಿದ್ದಂತೆ ಕಾಡಿನ ಸದ್ದೆಲ್ಲ ಕೇಳಿಸಿತು, ಎಲ್ಲೋ ನೀರು ಬೀಳುವುದು, ಮರಕುಟಿಗ ಕುಟ್ಟುವುದು. ಅಡಗಿಕೊಳ್ಳಲು ಬಾಗಿಲಿರಲಿಲ್ಲ. ಮಫ್ಲರು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ.

"ದುಗ್ಗಣ್ಣಾ, ನಿನ್ ಮೇಣ ಚೊಕ್ಕ ಇತ್ತು. ಅದನ್ನ ಬೀದಿ ಹೆಂಗಸ್ರ ಹಣೆಗೆಲ್ಲ ಹಂಚಿದ್ದು ನಾನು. ಸಾಲ್ದೇ ಬಂತು ಅಂತ ಬಲಗಡೆ ಚೀಲಕ್ಕೆ ಉಪ್ಪಾಗೆ ತುಪ್ಪ ಹಚ್ಚಿದ್ದು ನಾನು. ಅಣ್ಣಾ, ನೀ ಹೊರಟ ದಿನ ಬಂದಿದ್ದು ಸೀತಕ್ಕನ ಮನೆ ವಡೆ ವಾಸ್ನೆ ಅಲ್ಲ. ಹನಿ ಬಿದ್ದಿದ್ದನ್ನ ನಾ ನೋಡಿದ್ದೆ. ಬೈತೀಯ ಅಂತ ಹೆದ್ರಿ ಸುಮ್ನೆ ನಿಂತೆ. ನಿನ್ ಕೈ ಸುಟ್ಟಿದ್ದು ನಾನು. ದುಗ್ಗಣ್ಣಾ, ನಿನ್ ಹೆಸ್ರು ಕೆಡ್ಸಿದ್ದೂ ನಾನೇ. ನನ್ನಿಂದ ತಪ್ಪಾಯ್ತು. ಇಬ್ರಿಗೂ ಕೇಳ್ತಿದೀನಿ, ತಪ್ಪಾಯ್ತು."